ನಡಿಗೆಯೂ ರಕ್ತನಾಳವೂ
(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವುಗಳನ್ನು ಓದುತ್ತಿರುವ ನನಗೆ ಶರೀರಶಾಸ್ತ್ರದಲ್ಲಿ ಯಾವ ಅಧಿಕಾರವೂ ಇಲ್ಲ. ಆದರೆ ಒಂದು ಪ್ರಶ್ನೆ ನಮ್ಮ ಮನೆಯೊಳಕ್ಕೇ ಬಂದು ಕುಳಿತಿತು. ಅದಕ್ಕೆ ಉತ್ತರವನ್ನು ಹುಡುಕುತ್ತ ಓದಿದುದನ್ನೂ, ಬಲ್ಲವರನ್ನು ಕೇಳಿ ತಿಳಿದುದನ್ನೂ ಸಹಪಾಠಿಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ನಮ್ಮದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಅವ್ವನ ತವರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆ. ಮಕ್ಕಳ ಓದಿಗೆಂದು ಹನ್ನೆರಡು ವರ್ಷಗಳ ಹಿಂದೆ ನಾವು ಆಳಂದಕ್ಕೆ ಬಂದೆವು. ಹಳ್ಳಿಯಲ್ಲಿದ್ದಾಗ ಅವ್ವ ಕೂಲಿಗೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ಕಳೆ ತೆಗೆಯುವುದು, ಚಳಿಗಾಲದಲ್ಲಿ ತೊಗರಿ ಕೊಯ್ಯುವುದು, ಆಮೇಲೆ ಜೋಳದ ರಾಶಿ. ಬರುವಾಗ ತಲೆಯ ಮೇಲೆ ಕಟ್ಟಿಗೆಯ ಹೊರೆ. ಆಳಂದಕ್ಕೆ ಬಂದ ಮೇಲೆ ಹೊಲಿಗೆಯ ಮಿಷನ್ನು ಅವಳ ಹೊಲವಾಯಿತು. ಮೊದಮೊದಲು ಕಾಲಿನಿಂದ ತುಳಿಯುವ ಮಿಷನ್ನು. ಮೂರು ವರ್ಷಗಳ ಹಿಂದೆ ಅದಕ್ಕೆ ಮೋಟಾರು ಕೂಡಿಸಿದೆವು. ಅವ್ವನ ಕಾಲುನೋವು ತಪ್ಪಿತೆಂದು ಆ ದಿನ ಮನೆಮಂದಿಯೆಲ್ಲ ಸಂತೋಷಪಟ್ಟೆವು. ಅವಳ ದೇಹಕ್ಕೆ ಉಳಿದಿದ್ದ ಕೊನೆಯ ಶ್ರಮವೂ ಅಂದೇ ನಿಂತಿತೆಂಬುದು ಯಾರಿಗೂ ಹೊಳೆಯಲಿಲ್ಲ.

ಕಳೆದ ವರ್ಷ ಒಂದು ದಿನ ಅವ್ವ ತಲೆ ತಿರುಗಿ ಕುಳಿತುಬಿಟ್ಟಳು. ವೈದ್ಯರು ನೋಡಿದಾಗ ರಕ್ತದೊತ್ತಡ 160ಕ್ಕೆ 100. ತೂಕ 78 ಕಿಲೋ. ದಿನಕ್ಕೊಂದು ಮಾತ್ರೆಯನ್ನು ಬರೆದುಕೊಟ್ಟು, "ಮುಂಜಾನೆ ಅರ್ಧ ತಾಸು ನಡೀಬೇಕ್ರೆವ್ವಾ" ಎಂದರು. ಅವ್ವನಿಗೆ ಮಾತ್ರೆಗಿಂತ ನಡಿಗೆಯೇ ಕಷ್ಟವಾಯಿತು. ಕೈಯಲ್ಲಿ ಬುಟ್ಟಿಯಿಲ್ಲದೆ, ತಲೆಯ ಮೇಲೆ ಹೊರೆಯಿಲ್ಲದೆ, ಸುಮ್ಮನೆ ನಡೆಯುವುದೆಂದರೆ ನಮ್ಮ ಕಡೆಯ ಹೆಂಗಸರಿಗೆ ಅಪರಾಧ ಮಾಡಿದಂತೆ. "ಯಕ್ಕಾ, ಇಷ್ಟ್ ಮುಂಜಾನೆ ಎಲ್ಲಿ ಹೊಂಟೀರಿ?" ಎಂದು ಓಣಿಯವರು ಕೇಳಿದರೆ ಅವಳಿಗೆ ಉತ್ತರ ಹೊಳೆಯುತ್ತಿರಲಿಲ್ಲ. ನಾನೂ ಜೊತೆಗೆ ಹೊರಟೆ. ನಾಲ್ಕು ತಿಂಗಳು ನಡೆದೆವು. ತೂಕ ನೋಡಿದರೆ 76 ಕಿಲೋ. ಅವ್ವ ನಿಟ್ಟುಸಿರು ಬಿಟ್ಟಳು: "ಎರಡ್ ಕಿಲೋದ ಸಲುವಾಗಿ ನಾಕ್ ತಿಂಗಳು ಚಪ್ಪಲಿ ಸವಿಸಿದೆ ನೋಡವ್ವಾ. ಸಾಕು ಬಿಡು." ಆದರೆ ರಕ್ತದೊತ್ತಡ 136ಕ್ಕೆ 86 ಆಗಿತ್ತು. ಮಹಡಿಯ ಮೆಟ್ಟಿಲು ಹತ್ತುವಾಗಿನ ಏದುಸಿರೂ ಕಡಿಮೆಯಾಗಿತ್ತು.

ನನ್ನ ಪ್ರಶ್ನೆ ಇದು: ತೂಕ ಹೆಚ್ಚು ಇಳಿಯದಿದ್ದರೂ ನಡಿಗೆಯಿಂದ ಪ್ರಯೋಜನವುಂಟೆ? ಉಂಟಾದರೆ ಆ ಪ್ರಯೋಜನ ದೇಹದ ಯಾವ ಭಾಗದಲ್ಲಿ, ಯಾವ ರೀತಿಯಲ್ಲಿ ಆಗುವುದು?

ಬೊಜ್ಜೆಂದರೇನು?

ಮೈತುಂಬಿಕೊಂಡವರೆಲ್ಲ ಬೊಜ್ಜಿನವರಲ್ಲ. ಅಳತೆಗೆ ಒಂದು ಲೆಕ್ಕವಿದೆ. ಕಿಲೋಗಳಲ್ಲಿ ಹೇಳಿದ ತೂಕವನ್ನು, ಮೀಟರುಗಳಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸತಕ್ಕದ್ದು. ಬೆಲ್ಜಿಯಮ್ ದೇಶದ ಗಣಿತಜ್ಞ ಕೆಟ್ಲೆಯ ಲೆಕ್ಕವಿದು. 19ನೆಯ ಶತಮಾನದಷ್ಟು ಹಳೆಯದು. ಬಂದ ಸಂಖ್ಯೆ 30 ಮುಟ್ಟಿದರೆ ಬೊಜ್ಜೆಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುವುದು. ಭಾರತೀಯರಿಗೆ ಈ ಗೆರೆ ಇನ್ನೂ ಕೆಳಗಿರಬೇಕೆಂದು ನಮ್ಮ ದೇಶದ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದರು. ಅವರ ಪ್ರಕಾರ 25 ಆದರೇ ಬೊಜ್ಜು. ಕಾರಣವೇನೆಂದರೆ ನಮ್ಮವರಲ್ಲಿ ಕೈಕಾಲು ಸಣ್ಣಗಿದ್ದರೂ ಕೊಬ್ಬು ಹೊಟ್ಟೆಯಲ್ಲಿ ಸೇರಿಕೊಳ್ಳುವುದು ಹೆಚ್ಚು. ಆದುದರಿಂದ ನಡುವಿನ ಸುತ್ತಳತೆಯನ್ನೂ ನೋಡಬೇಕು. ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಮೀರಿದರೆ ಅಪಾಯದ ಸೂಚನೆ. ಅವ್ವನ ಎತ್ತರ 152 ಸೆಂಟಿಮೀಟರು. 78 ಕಿಲೋ ಇದ್ದಾಗ ಅವಳ ಲೆಕ್ಕ 34ರ ಸಮೀಪ.

ಬರಗಾಲದ ನಾಡಿನಲ್ಲಿ ಬೊಜ್ಜಿನ ಮಾತೇಕೆ ಎಂದು ಓದುಗರು ಕೇಳಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 17 ಮಂದಿ ಇರಬೇಕಾದುದಕ್ಕಿಂತ ಕೃಶರು. ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಹಸಿವೂ ಬೊಜ್ಜೂ ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ವಾಸವಾಗಿರುವುವು. ಬೊಜ್ಜು ಸಾಹುಕಾರರ ರೋಗವೆಂಬ ಮಾತು ಈಗ ಸಲ್ಲದು. ಹೊಲ ಬಿಟ್ಟು ಪೇಟೆಗೆ ಬಂದ ಕೂಲಿಯವಳಿಗೂ ಅದು ಬರುವುದು. ಅಂಗಡಿಯ ಗಲ್ಲೆಯ ಮುಂದೆ ದಿನವೆಲ್ಲ ಕುಳಿತವನಿಗೂ ಬರುವುದು. ಆದರೂ "ಮೈ ಹಿಡಿದಾನ, ಉಂಡುಟ್ಟು ಸುಖವಾಗಿದ್ದಾನ" ಎಂಬ ಹೊಗಳಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹಸಿವನ್ನು ಕಂಡ ಹಿರಿಯರು ಹಾಗೆ ನುಡಿದರೆ ಅವರನ್ನು ಹಳಿಯುವ ಹಾಗೂ ಇಲ್ಲ.

ರಕ್ತನಾಳವು ನಿರ್ಜೀವ ಕೊಳವೆಯಲ್ಲ

ರಕ್ತವು ದೇಹದಲ್ಲಿ ಸುತ್ತುತ್ತಿರುವುದೆಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಗ್ರಂಥ ಬರೆದು ಸ್ಥಾಪಿಸಿದನು. ಅಪಧಮನಿಗೂ ಅಭಿಧಮನಿಗೂ ನಡುವೆ ಕೂದಲಿಗಿಂತ ಸಣ್ಣದಾದ ಲೋಮನಾಳಗಳಿರುವುದನ್ನು ಇಟಲಿಯ ಮಾಲ್ಪೀಗಿ 1661ರಲ್ಲಿ ಸೂಕ್ಷ್ಮದರ್ಶಕದಿಂದ ಕಂಡನು. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ದೂಡುವುದು. ಚೆನ್ನಾಗಿ ದುಡಿಯುವಾಗ ಅದು ಮೂರು ನಾಲ್ಕು ಪಟ್ಟಾಗುವುದು. ಇಷ್ಟೊಂದು ಹೆಚ್ಚಿದ ರಕ್ತಕ್ಕೆ ದಾರಿ ಬೇಡವೆ? ನಾಳಗಳು ಹಿಗ್ಗಿ ದಾರಿ ಕೊಡುವುವು. ಅವುಗಳ ಆರೋಗ್ಯವೆಂದರೆ ಮುಖ್ಯವಾಗಿ ಈ ಹಿಗ್ಗುವ ಶಕ್ತಿಯೇ.

ಈ ಶಕ್ತಿ ಎಲ್ಲಿದೆಯೆಂಬುದು ತಿಳಿದ ಬಗೆ ಸ್ವಾರಸ್ಯವಾಗಿದೆ. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಧಮನಿಯ ತುಂಡುಗಳ ಮೇಲೆ ಔಷಧಗಳನ್ನು ಪರೀಕ್ಷಿಸುತ್ತಿದ್ದನು. ಅದೇ ಔಷಧಕ್ಕೆ ಕೆಲವು ತುಂಡುಗಳು ಸಡಿಲವಾದುವು, ಕೆಲವು ಬಿಗಿದುವು. ವಿಚಾರಿಸಿ ನೋಡಲು, ತುಂಡನ್ನು ಸಿದ್ಧಪಡಿಸುವಾಗ ಒಳಪದರವು ಉಜ್ಜಿಹೋದಲ್ಲಿ ನಾಳವು ಸಡಿಲವಾಗುತ್ತಿರಲಿಲ್ಲ. ಒಳಪದರ ಉಳಿದಿದ್ದಲ್ಲಿ ಸಡಿಲವಾಗುತ್ತಿತ್ತು. ಇದನ್ನು ಅವನು 1980ರಲ್ಲಿ ಪ್ರಕಟಿಸಿದನು. ಒಂದೇ ಜೀವಕೋಶದಷ್ಟು ತೆಳುವಾದ ಆ ಪದರಕ್ಕೆ ಎಂಡೋಥೀಲಿಯಮ್ ಎಂದು ಹೆಸರು. ಅದರಿಂದ ಹೊರಟು ನಾಳದ ಸ್ನಾಯುವನ್ನು ಸಡಿಲಿಸುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ತಿಳಿಯಿತು. ಈ ಸಂಶೋಧನೆಗಾಗಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಎಂಬ ಮೂವರಿಗೆ 1998ರ ನೊಬೆಲ್ ಬಹುಮಾನ ಬಂದಿತು. ಎದೆನೋವಿನವರು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯೂ ಇದೇ ಅನಿಲವನ್ನು ಬಿಡುಗಡೆ ಮಾಡಿ ನಾಳಗಳನ್ನು ಹಿಗ್ಗಿಸುವುದು.

ಬೊಜ್ಜು ಈ ಪದರವನ್ನೇ ಪೀಡಿಸುವುದು. ಕೊಬ್ಬನ್ನು ನಾವು ಚೀಲದಲ್ಲಿ ತುಂಬಿಟ್ಟ ಕಾಳಿನಂತೆ ಸುಮ್ಮನೆ ಬಿದ್ದಿರುವ ವಸ್ತುವೆಂದು ತಿಳಿದಿದ್ದೇವೆ. ಅದು ತಪ್ಪು. ಹೊಟ್ಟೆಯೊಳಗಿನ ಕೊಬ್ಬಿನ ಕೋಶಗಳು ಉರಿಯೂತವನ್ನುಂಟುಮಾಡುವ ವಸ್ತುಗಳನ್ನು ರಕ್ತಕ್ಕೆ ಬಿಡುತ್ತಲೇ ಇರುವುವು. ಇನ್ಸುಲಿನ್ನಿನ ಮಾತನ್ನು ದೇಹ ಸರಿಯಾಗಿ ಕೇಳದಂತಾಗುವುದು. ಒಳಪದರದಲ್ಲಿ ನೈಟ್ರಿಕ್ ಆಕ್ಸೈಡಿನ ಉತ್ಪತ್ತಿ ಕುಗ್ಗುವುದು. ಉತ್ಪತ್ತಿಯಾದುದೂ ಬೇಗ ನಾಶವಾಗುವುದು. ನಾಳವು ಹಿಗ್ಗಲಾರದೆ ಬಿರುಸಾಗುವುದು, ಒತ್ತಡವೇರುವುದು. ಗಾಯಗೊಂಡ ಒಳಪದರದ ಕೆಳಗೆ ಕೊಬ್ಬು ಸೇರಿ ಗಡ್ಡೆಗಟ್ಟುವುದು. ಹೃದಯಾಘಾತ, ಪಾರ್ಶ್ವವಾಯುಗಳಿಗೆ ಇದೇ ಮೂಲ. ಈ ಕೆಲಸವೆಲ್ಲ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವುದರಿಂದ, ನೋವಿಲ್ಲವೆಂದರೆ ರೋಗವಿಲ್ಲವೆಂದು ಮನುಷ್ಯನು ನಂಬಿರುವನು.

ವ್ಯಾಯಾಮವು ಮಾಡುವ ಕೆಲಸ

ಇಲ್ಲಿ ನನ್ನದೇ ಒಂದು ತಪ್ಪು ತಿಳುವಳಿಕೆಯನ್ನು ಹೇಳಬೇಕು. ಆಳಂದ ತಾಲ್ಲೂಕಿನ ಕೊರಳ್ಳಿಯ ಬಳಿ ಅಮರ್ಜಾ ಜಲಾಶಯವಿದೆ. ಕಾಲುವೆಯಲ್ಲಿ ನೀರು ನಿಂತರೆ ಹೂಳು ತುಂಬುವುದು, ಜೋರಾಗಿ ಹರಿದರೆ ಹೂಳು ಕೊಚ್ಚಿಹೋಗುವುದು. ವ್ಯಾಯಾಮದಿಂದ ರಕ್ತ ಜೋರಾಗಿ ಹರಿದು ನಾಳದ ಕೊಬ್ಬನ್ನು ಕೊಚ್ಚಿಕೊಂಡು ಹೋಗುವುದೆಂದು ನಾನು ಹಾಗೆಯೇ ಊಹಿಸಿದ್ದೆನು. ನಿಜಸಂಗತಿ ಬೇರೆ. ಕಾಲುವೆಯ ಸಿಮೆಂಟಿಗೆ ಜೀವವಿಲ್ಲ. ನಾಳದ ಒಳಪದರಕ್ಕೆ ಜೀವವಿದೆ. ರಕ್ತವು ವೇಗವಾಗಿ ಹರಿದಾಗ ಅದು ಪದರವನ್ನು ಸವರುತ್ತ ಹೋಗುವುದು. ಆ ಸವರುವಿಕೆಯನ್ನು ಕೋಶಗಳು ಗುರುತಿಸಿ ನೈಟ್ರಿಕ್ ಆಕ್ಸೈಡನ್ನು ಬಿಡುವುವು, ನಾಳ ಹಿಗ್ಗುವುದು. ದಿನವೂ ಹೀಗಾದರೆ, ಆ ಅನಿಲವನ್ನು ತಯಾರಿಸುವ ಕಿಣ್ವವನ್ನೇ ಕೋಶಗಳು ಹೆಚ್ಚು ಮಾಡಿಕೊಳ್ಳುವುವು. ಕೆಲಸ ಬಿದ್ದಂತೆಲ್ಲ ಕೈ ಪಳಗುವ ಹಾಗೆ ಇದು.

ಉಳಿದ ಪ್ರಯೋಜನಗಳೂ ಇವೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುವುದು. ಇನ್ಸುಲಿನ್ ಮತ್ತೆ ಫಲಕಾರಿಯಾಗುವುದು. ಸ್ನಾಯುಗಳಲ್ಲಿ ಹೊಸ ಲೋಮನಾಳಗಳು ಮೂಡುವುವು. ತಕ್ಕಡಿಯಲ್ಲಿ ತೂಕ ಅಷ್ಟೇ ಕಂಡರೂ ಹೊಟ್ಟೆಯೊಳಗಿನ ಕೊಬ್ಬು ಕರಗುವುದುಂಟು. ಅಂದರೆ ತಕ್ಕಡಿ ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲವನ್ನೂ ಹೇಳುವುದಿಲ್ಲ.

ಅವ್ವನೊಬ್ಬಳ ಉದಾಹರಣೆಯಿಂದ ಇದನ್ನು ಸಿದ್ಧಪಡಿಸಲಾಗದು. ಅವಳು ಮಾತ್ರೆಯನ್ನೂ ನುಂಗುತ್ತಿದ್ದಳು. ಮಾತ್ರೆಯ ಪಾಲನ್ನೂ ನಡಿಗೆಯ ಪಾಲನ್ನೂ ಒಬ್ಬರಲ್ಲಿ ಬೇರ್ಪಡಿಸಿ ನೋಡುವುದು ಹೇಗೆ? ಅದಕ್ಕಾಗಿಯೇ ವಿಜ್ಞಾನಿಗಳು ಗುಂಪುಗಳನ್ನು ಹೋಲಿಸಿ ನೋಡುವರು. ಅಂಥ ಎರಡು ಪರೀಕ್ಷೆಗಳನ್ನು ಹೇಳುವೆನು.

ಮೊದಲನೆಯದು ಲಂಡನ್ ನಗರದ ಬಸ್ಸುಗಳದು. ಜೆರ್ರಿ ಮಾರಿಸ್ ಎಂಬ ವೈದ್ಯನು ತನ್ನ ಸಂಗಡಿಗರೊಡನೆ ಅಲ್ಲಿಯ ಸಾವಿರಾರು ಬಸ್ ನೌಕರರನ್ನು ಪರಿಶೀಲಿಸಿ 1953ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಡ್ರೈವರನು ದಿನವೆಲ್ಲ ಕುಳಿತಿರುವನು. ಕಂಡಕ್ಟರನು ಎರಡು ಅಂತಸ್ತಿನ ಬಸ್ಸಿನಲ್ಲಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವನು. ಸಂಬಳ, ವಾಸ, ಊಟಗಳಲ್ಲಿ ಇಬ್ಬರಿಗೂ ಅಂಥ ಅಂತರವೇನಿಲ್ಲ. ಆದರೂ ಹೃದಯರೋಗವು ಕಂಡಕ್ಟರರಲ್ಲಿ ಕಡಿಮೆ. ಬಂದರೂ ಡ್ರೈವರರಷ್ಟು ಬೇಗ ಪ್ರಾಣಾಪಾಯವಾಗುತ್ತಿರಲಿಲ್ಲ. ಡ್ರೈವರರು ಮೊದಲೇ ದಪ್ಪಗಿನವರಿರಬಹುದಲ್ಲವೆ ಎಂಬ ಸಂದೇಹ ಬಂದಿತು. ಮಾರಿಸನು ಸಮವಸ್ತ್ರಗಳ ನಡುವಿನ ಅಳತೆಯ ದಾಖಲೆಗಳನ್ನೇ ತೆಗೆಸಿ 1956ರಲ್ಲಿ ಬರೆದನು: ಡ್ರೈವರರ ನಡು ದಪ್ಪವಿದ್ದುದು ನಿಜ. ಆದರೆ ಸಣ್ಣ ನಡುವಿನವರನ್ನು ಸಣ್ಣವರೊಡನೆ, ದಪ್ಪ ನಡುವಿನವರನ್ನು ದಪ್ಪದವರೊಡನೆ ಹೋಲಿಸಿದರೂ ಕಂಡಕ್ಟರರಿಗೇ ಅಪಾಯ ಕಡಿಮೆಯಾಗಿತ್ತು. ಆಳಂದದಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ, ಕಾಲಿಡಲು ಸ್ಥಳವಿಲ್ಲದ ಜನದ ನಡುವೆ ಟಿಕೆಟ್ ಕೊಡುತ್ತ ಹಿಂದಕ್ಕೂ ಮುಂದಕ್ಕೂ ನುಸುಳುವ ನಮ್ಮ ಕಂಡಕ್ಟರರನ್ನು ಕಂಡಾಗಲೆಲ್ಲ ನನಗೆ ಈ ಪರೀಕ್ಷೆ ನೆನಪಾಗುವುದು.

ಎರಡನೆಯದು ನೇರವಾಗಿ ರಕ್ತನಾಳವನ್ನೇ ಅಳೆದ ಪರೀಕ್ಷೆ. ರಕ್ತದೊತ್ತಡ ನೋಡುವ ಪಟ್ಟಿಯಿಂದ ತೋಳನ್ನು ಐದು ನಿಮಿಷ ಬಿಗಿದು ಬಿಡುವರು. ತಡೆದಿದ್ದ ರಕ್ತ ನುಗ್ಗಿ ಬರುವಾಗ ತೋಳಿನ ಅಪಧಮನಿ ಎಷ್ಟು ಹಿಗ್ಗುವುದೆಂದು ಧ್ವನಿತರಂಗಗಳ ಯಂತ್ರದಿಂದ ನೋಡುವರು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. 1992ರಿಂದ ಈ ವಿಧಾನ ಬಳಕೆಗೆ ಬಂದಿದೆ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ 19 ಮಂದಿ ಬೊಜ್ಜಿನ ಹದಿಹರೆಯದವರನ್ನು ಹೀಗೆ ಪರೀಕ್ಷಿಸಿ 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವ್ಯಾಯಾಮಕ್ಕೆ ಮುಂಚೆ ಅವರ ನಾಳ ನೂರಕ್ಕೆ ಸುಮಾರು 5ರಷ್ಟು ಮಾತ್ರ ಹಿಗ್ಗುತ್ತಿತ್ತು; ಅದೇ ವಯಸ್ಸಿನ ತೆಳ್ಳಗಿನವರದು ಸುಮಾರು 9ರಷ್ಟು. ಎಂಟು ವಾರಗಳ ವ್ಯಾಯಾಮವಾದ ಮೇಲೆ ಬೊಜ್ಜಿನವರ ನಾಳವೂ ಸುಮಾರು 9ರಷ್ಟೇ ಹಿಗ್ಗಿತು. ಹೊಟ್ಟೆಯ ಕೊಬ್ಬು ಸ್ವಲ್ಪ ಇಳಿದಿತ್ತು. ಒಟ್ಟು ತೂಕ ಮಾತ್ರ ಬದಲಾಗಿರಲಿಲ್ಲ.

ಇದನ್ನು ಓದಿದ ದಿನ ನಾನು ಅವ್ವನ ಮುಂದೆ ಕುಳಿತು ಅವಳ ಮಾತಿನಲ್ಲಿಯೇ ಹೇಳಿದೆ: "ಯವ್ವಾ, ತೂಕ ಇಳೀಲಿಲ್ಲಂತ ನೀ ಸುಮ್ನ ಬ್ಯಾಸರ ಮಾಡ್ಕೋಬ್ಯಾಡ. ಒಳಗ ನರ ಮೆತ್ತಗ ಆಗ್ಯಾವ." ಅವಳು ಮಿಷನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಇದನ್ನ ಕಾಲೇಜದಾಗ ಕಲಿಸ್ತಾರೇನು?" ಎಂದಳು. ಇಲ್ಲವೆಂದೆ. "ಮತ್ತ ಕಲಿಸಬೇಕು" ಎಂದಳು.

ಗಳಿಕೆಯೂ ಕಳೆಯುವಿಕೆಯೂ

ಆದರೆ ಈ ಲಾಭ ಪೆಟ್ಟಿಗೆಯಲ್ಲಿಟ್ಟ ಹಣವಲ್ಲ. ವ್ಯಾಯಾಮ ಬಿಟ್ಟರೆ ಕೆಲವೇ ವಾರಗಳಲ್ಲಿ ನಾಳದ ಗಳಿಕೆ ಕರಗತೊಡಗುವುದು. ನಿನ್ನೆ ಉಂಡ ರೊಟ್ಟಿ ಇಂದಿನ ಹಸಿವಿಗೆ ಆಗದು. ನನ್ನ ಸೋದರಮಾವ ಅಫಜಲಪುರದ ಕಡೆಯವನು. ಹರೆಯದಲ್ಲಿ ತಾಲೀಮಿಗೆ ಹೋಗಿ ದಂಡ, ಬೈಠಕ್ ಹೊಡೆದವನು, ಜಾತ್ರೆಗಳಲ್ಲಿ ಕುಸ್ತಿ ಹಿಡಿದವನು. ಮದುವೆಯಾಗಿ ಕಿರಾಣಿ ಅಂಗಡಿ ಇಟ್ಟ ಮೇಲೆ ತಾಲೀಮು ನಿಂತಿತು, ಪೈಲ್ವಾನನ ಊಟ ಮಾತ್ರ ನಿಲ್ಲಲಿಲ್ಲ. ಇಂದು ಅವನಿಗೆ ಸಕ್ಕರೆ ಕಾಯಿಲೆಯೂ ಇದೆ, ರಕ್ತದೊತ್ತಡವೂ ಇದೆ. "ಒಂದಾನೊಂದು ಕಾಲಕ್ಕ ಗಟ್ಟಿ ಇದ್ದೆ" ಎಂಬ ಮಾತಿಗೆ ಅವನ ರಕ್ತನಾಳ ಕಿವಿಗೊಡಲಿಲ್ಲ. ಅವ್ವನದೂ ಹಾಗೆಯೇ ಆಯಿತು. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು 42 ಡಿಗ್ರಿ ದಾಟಲು, ಏಪ್ರಿಲಿನಿಂದ ಒಂದೂವರೆ ತಿಂಗಳು ಅವಳು ನಡಿಗೆಯನ್ನು ಬಿಟ್ಟಳು. ಜೂನಿನಲ್ಲಿ ನೋಡಿದರೆ ಒತ್ತಡ 148ಕ್ಕೆ 94. ಮಾತ್ರೆ ಮಾತ್ರ ಅದೇ ಇತ್ತು. ಮತ್ತೆ ಹೊರಟೆವು, ಈಗ ಐದು ಗಂಟೆಗೇ ಹೊರಡುತ್ತೇವೆ.

ಎಷ್ಟು ಮಾಡಬೇಕು? ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮವನ್ನು, ಅಥವಾ 75ರಿಂದ 150 ನಿಮಿಷ ಕಠಿಣ ಶ್ರಮವನ್ನು ಮಾಡಬೇಕೆಂದೂ, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ ಐದು ದಿನ ಅರ್ಧ ತಾಸಿನ ಬಿರುಸು ನಡಿಗೆಯಾದರೆ 150 ನಿಮಿಷವಾಯಿತು. ಮಾತಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ವೇಗ ಸಾಕು. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷ ಮಾಡಿದರೂ ಲೆಕ್ಕಕ್ಕೆ ಸೇರುವುದು. ದೇವಲ ಗಾಣಗಾಪುರದಲ್ಲಿ ಗುಡಿಯಿಂದ ಭೀಮಾ–ಅಮರ್ಜಾ ಸಂಗಮಕ್ಕೆ ಹೋಗುವವರು ಆಟೋ ಬಿಟ್ಟು ನಡೆದು ಹೋದರೆ ಪುಣ್ಯದೊಡನೆ ಈ ಲಾಭವೂ ಬರುವುದು.

ಎಚ್ಚರಿಕೆಯ ಮಾತುಗಳೂ ಉಂಟು. ನಡೆಯುವಾಗ ಎದೆ ಹಿಡಿದಂತಾದರೆ, ಕಣ್ಣು ಕತ್ತಲಿಟ್ಟರೆ ಅಲ್ಲಿಯೇ ನಿಂತು ವೈದ್ಯರಲ್ಲಿಗೆ ಹೋಗಬೇಕು. ಒತ್ತಡ ಇಳಿಯಿತೆಂದು ಮಾತ್ರೆಯನ್ನು ತಾವಾಗಿಯೇ ಬಿಡತಕ್ಕದ್ದಲ್ಲ. ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ನಡೆಯಬಾರದು. ಮುಳ್ಳು ಚುಚ್ಚಿದ್ದು ತಿಳಿಯದೆ ಗಾಯ ಬೆಳೆಯುವುದು. ಮೊಣಕಾಲು ನೋಯುವವರು ನಿಧಾನವಾಗಿ ಆರಂಭಿಸಬೇಕು. ಊಟದ ಹಿತಮಿತವನ್ನು ವ್ಯಾಯಾಮವೊಂದೇ ತುಂಬಿಕೊಡಲಾರದು. ನಾಲ್ಕು ಮಿರ್ಚಿ ಭಜಿ, ಮೂರು ಸಲ ಸಕ್ಕರೆ ಚಹಾ ಕುಡಿದು ಅರ್ಧ ತಾಸು ನಡೆದರೆ ತೂಕ ಇಳಿಯುವುದೆಂದು ನಿರೀಕ್ಷಿಸುವುದು ಸರಿಯಲ್ಲ.

ಮುಗಿಸುವ ಮುನ್ನ

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು: ತೂಕ ಇಳಿಯುವುದು ಒಳ್ಳೆಯದೇ, ಆದರೆ ಇಳಿಯದಿದ್ದರೂ ನಡಿಗೆ ವ್ಯರ್ಥವಲ್ಲ. ಸೋತೆನೆಂದು ನಡಿಗೆಯನ್ನು ಬಿಡುವವರಲ್ಲಿ ಹೆಚ್ಚಿನವರು ಸೋತಿರುವುದಿಲ್ಲ. ತಕ್ಕಡಿ ಅವರಿಗೆ ಅರ್ಧ ವರದಿಯನ್ನಷ್ಟೇ ಕೊಟ್ಟಿರುತ್ತದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನಂಥವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ನಮ್ಮನ್ನು ಇಲ್ಲಿಗೆ ಕಳಿಸುವುದಕ್ಕಾಗಿ ನಮ್ಮ ತಂದೆತಾಯಿಗಳು ಹೊಲ ಬಿಟ್ಟು, ಅಂಗಡಿಯಲ್ಲಿಯೋ ಮಿಷನ್ನಿನ ಮುಂದೆಯೋ ಕುಳಿತಿದ್ದಾರೆ. ನಮ್ಮ ಓದಿನ ಬೆಲೆಯನ್ನು ಅವರ ರಕ್ತನಾಳಗಳು ತೆರುತ್ತಿರುವುವು ಎಂದರೆ ಉತ್ಪ್ರೇಕ್ಷೆಯಾಗಲಾರದು. ನಾವು ಓದಿದುದರಲ್ಲಿ ಒಂದಿಷ್ಟನ್ನು ಮನೆಗೆ ಒಯ್ದು ಅವರ ಮಾತಿನಲ್ಲಿ ಹೇಳುವುದೂ, ಅವರ ಜೊತೆಗೆ ನಾಲ್ಕು ಹೆಜ್ಜೆ ನಡೆಯುವುದೂ ನಮ್ಮ ಕರ್ತವ್ಯ.

ಕೊನೆಗೆ ಒಂದು ವಿನಂತಿ. ಅವ್ವನೊಡನೆ ಈಗ ಓಣಿಯ ಐದು ಮಂದಿ ಹೆಂಗಸರು ಹೊರಡುತ್ತಾರೆ. ಆದರೆ ಹೆದ್ದಾರಿಯ ಅಂಚಿನಲ್ಲಿ, ಕತ್ತಲಲ್ಲಿ, ಲಾರಿಗಳ ನಡುವೆ ನಡೆಯಬೇಕಾಗಿದೆ. ನಮ್ಮ ಕಾಲೇಜಿನ ಮೈದಾನವು ಮುಂಜಾನೆ ಐದರಿಂದ ಏಳರವರೆಗೆ ಬರಿದಾಗಿರುವುದು, ಗೇಟಿಗೆ ಬೀಗವಿರುವುದು. ಆ ಎರಡು ತಾಸು ಊರಿನ ತಾಯಂದಿರಿಗಾಗಿ ಗೇಟನ್ನು ತೆರೆಸಬೇಕೆಂದು ಪೂಜ್ಯ ಪ್ರಾಂಶುಪಾಲರನ್ನೂ ದೈಹಿಕ ಶಿಕ್ಷಣ ನಿರ್ದೇಶಕರನ್ನೂ ಈ ಸಂಚಿಕೆಯ ಮೂಲಕ ಪ್ರಾರ್ಥಿಸುತ್ತೇನೆ. ಬೀಗದ ಕೈ ತೆಗೆದುಕೊಂಡು ದಿನವೂ ತೆರೆದು ಹಾಕುವ ಹೊಣೆಯನ್ನು ನಾನೂ ನನ್ನ ಗೆಳತಿಯರೂ ಹೊರಲು ಸಿದ್ಧರಿದ್ದೇವೆ.